ಹಜಾರ್ಡ್ ಮಿಣುಕುತ್ತೆ, ಇಂಡಿಕೇಟರ್ ಮಾತ್ರ ಸತ್ತಿದೆ, ರಿಲೇ ಹೋಗಿದ್ಯಾ?

ಪ್ರಶ್ನೆ: ನಂದು ಹಳೇ ಕಾರು. ಎಡಕ್ಕೆ ಹಾಕಿದ್ರೂ ಬಲಕ್ಕೆ ಹಾಕಿದ್ರೂ ಇಂಡಿಕೇಟರ್ ಬರ್ತಿಲ್ಲ, ಟಿಕ್ ಟಿಕ್ ಸೌಂಡೂ ಇಲ್ಲ. ಆದ್ರೆ ಹಜಾರ್ಡ್ ಬಟನ್ ಒತ್ತಿದ್ರೆ ಎಲ್ಲಾ ಲೈಟೂ ಚೆನ್ನಾಗೇ ಮಿಣುಕುತ್ತೆ. ರಿಲೇ ಬದಲಾಯಿಸ್ಬೇಕು ಅಂತಿದಾರೆ, ಮಾಡಿಸ್ಲಾ?

ತಡೀರಿ, ದುಡ್ಡು ಕೊಡ್ಬೇಡಿ ಇನ್ನೂ. ಹೆಚ್ಚಿನ ಕಾರುಗಳಲ್ಲಿ ಇಂಡಿಕೇಟರ್‌ಗೂ ಹಜಾರ್ಡ್‌ಗೂ ಇರೋದು ಒಂದೇ ಫ್ಲಾಶರ್ ರಿಲೇ (ಕರೆಂಟನ್ನ ಬಿಟ್ಟು ಬಿಟ್ಟು ಕೊಟ್ಟು ಲೈಟ್ ಮಿಣುಕಿಸೋ ಪುಟ್ಟ ಡಬ್ಬಿ), ಬಲ್ಬುಗಳೂ ಅವೇ, ಹಿಂದಕ್ಕೆ ಹೋಗೋ ವೈರೂ ಅದೇ. ಹಜಾರ್ಡ್ ಸರಿಯಾಗಿ ಮಿಣುಕ್ತಿದೆ ಅಂದ್ರೆ ಇವೆಲ್ಲಾ ಪಾಸ್ ಆದ ಹಾಗೇನೇ. ಅದಕ್ಕೇ ನಾನು ಇಂಡಿಕೇಟರ್ ಕಂಪ್ಲೇಂಟ್ ಅಂದ ತಕ್ಷಣ ಮೊದಲು ಆ ಕೆಂಪು ತ್ರಿಕೋನದ ಬಟನ್ ಒತ್ತಿ ನೋಡೋದು, ಮೀಟರ್ ಇಲ್ಲ ಏನಿಲ್ಲ, ಅರ್ಧ ತನಿಖೆ ಅಲ್ಲೇ ಮುಗಿಯುತ್ತೆ.

ಇವೆರಡಕ್ಕೂ ವ್ಯತ್ಯಾಸ ಕರೆಂಟ್ ಬರೋ ದಾರೀದು. ಹಜಾರ್ಡ್‌ಗೆ ಬ್ಯಾಟರಿಯಿಂದ ನೇರ ಬರುತ್ತೆ, ಕೀ ತೆಗೆದ್ರೂ ಮಿಣುಕ್ಬೇಕಲ್ಲ. ಇಂಡಿಕೇಟರ್‌ಗೆ ಇಗ್ನಿಷನ್ ಆನ್ ಆದ ಮೇಲೇನೇ, ಬೇರೆ ಫ್ಯೂಸ್ ಮೂಲಕ. ಹಾಗಾಗಿ ಮೊದಲು ಆ ಫ್ಯೂಸ್ ನೋಡಿ, ಫ್ಯೂಸ್ ಡಬ್ಬದ ಮುಚ್ಚಳದಲ್ಲೋ ಮ್ಯಾನ್ಯುಯಲ್‌ನಲ್ಲೋ ಯಾವುದು ಅಂತ ಇರುತ್ತೆ, ಸಾಮಾನ್ಯವಾಗಿ 10 ಇಲ್ಲಾ 15 ಆಂಪ್. ಸುಟ್ಟಿದ್ರೆ ಅಷ್ಟೇ ಆಂಪ್‌ದು ಹಾಕಿ, ಮತ್ತೆ ಸುಟ್ಟರೆ ಎಲ್ಲೋ ವೈರ್ ಕಾರಿನ ತಗಡಿಗೆ ತಾಗ್ತಿದೆ ಅಂತ ಅರ್ಥ, ದೊಡ್ಡ ಫ್ಯೂಸ್ ತುರುಕಿದ್ರೆ ಮುಂದಿನ ಸಲ ವೈರೇ ಸುಡುತ್ತೆ.

ಫ್ಯೂಸ್ ಚೆನ್ನಾಗಿದ್ರೆ ನನ್ನ ಅನುಮಾನ ಹಜಾರ್ಡ್ ಬಟನ್ ಮೇಲೇನೇ. ವಿಚಿತ್ರ ಅನ್ಸುತ್ತೆ, ಕೆಲಸ ಮಾಡ್ತಿರೋದೇ ಅದು ತಾನೇ? ಆದ್ರೆ ಹಳೇ ಕಾರುಗಳಲ್ಲಿ ಇಂಡಿಕೇಟರ್ ಕರೆಂಟೂ ಆ ಬಟನ್ ಒಳಗಿಂದಾನೇ ಹಾದು ರಿಲೇಗೆ ಹೋಗುತ್ತೆ. ಬಟನ್ ಒತ್ತಿದ್ರೆ ಬ್ಯಾಟರಿ ಕಡೆ ಪಾಯಿಂಟು (ಕರೆಂಟ್ ದಾಟೋ ಲೋಹದ ತುದಿ) ಕೂಡುತ್ತೆ, ಬಿಟ್ರೆ ಇಗ್ನಿಷನ್ ಕಡೆದು. ಈ ಎರಡನೇ ಪಾಯಿಂಟು ವರ್ಷಗಟ್ಟಲೆ ಅಲ್ಲಾಡದೇ ಕೂತು ಕಪ್ಪು ಹಿಡಿದಿರುತ್ತೆ. ನನ್ನ ಕಾರಲ್ಲೂ ಇದೇ ಆಗಿತ್ತು, ಹೊಸ ರಿಲೇ ತಂದು ಹಾಕಿ ಏನೂ ಆಗ್ದೆ ಸಿಟ್ಟಲ್ಲಿ ಬಟನ್ನ ಇಪ್ಪತ್ತು ಸಲ ಟಕ ಟಕ ಒತ್ತಿದೆ ನೋಡಿ, ಇಂಡಿಕೇಟರ್ ಬಂತು, ಒತ್ತೋ ಉಜ್ಜಾಟಕ್ಕೇ ಪಾಯಿಂಟ್ ಕ್ಲೀನ್ ಆಗಿತ್ತು. ನೀವೂ ಅದನ್ನೇ ಮಾಡಿ. ಬಂದು ಬಂದು ಹೋಗ್ತಿದ್ರೆ ಸ್ವಿಚ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೀರಿ, ಇಲ್ಲಾ ಹೊಸದು ಹಾಕ್ಸಿ. ಅದೂ ಅಲ್ಲ ಅಂದ್ರೆ ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ (ಇಂಡಿಕೇಟರ್ ಹಾಕೋ ಕಡ್ಡಿ) ನೋಡ್ಬೇಕು, ಆದ್ರೆ ಅದು ಹೋದ್ರೆ ಸಾಮಾನ್ಯವಾಗಿ ಒಂದು ಸೈಡ್ ಹೋಗುತ್ತೆ, ಎರಡೂ ಒಟ್ಟಿಗೆ ಹೋಗೋದು ಅಪರೂಪ.

ಇನ್ನು ಹಜಾರ್ಡೂ ಇಲ್ಲ ಇಂಡಿಕೇಟರೂ ಇಲ್ಲ ಅನ್ನೋರಿಗೆ ಮಾತ್ರ ರಿಲೇ ಮೇಲೆ ಡೌಟ್ ಪಡೋ ಹಕ್ಕಿದೆ. ಹಳೇ ಮೂರು ಪಿನ್ನಿನ ರಿಲೇ ಆದ್ರೆ ಅದನ್ನ ಕಿತ್ತು, ಸಾಕೆಟ್ಟಲ್ಲಿ 49 ಮತ್ತು 49ಎ ಅಂತ ಬರೆದಿರೋ ಪಿನ್ನುಗಳ ಜಾಗದ ನಡುವೆ ಒಂದು ವೈರ್ ತುಂಡು ಹಾಕಿ (ಕೆಲವದ್ರಲ್ಲಿ ಬಿ, ಎಲ್ ಅಂತ ಬರೆದಿರುತ್ತೆ), ಇಗ್ನಿಷನ್ ಆನ್ ಮಾಡಿ ಇಂಡಿಕೇಟರ್ ಹಾಕಿ. ಲೈಟು ಮಿಣುಕದೆ ಸುಮ್ನೆ ಉರಿದ್ರೆ ರಿಲೇನೇ ಹೋಗಿರೋದು. 31 ಅಂತ ಬರೆದಿರೋದು ಅರ್ಥ್ (ಕಾರಿನ ತಗಡಿಗೆ ಸೇರೋ ನೆಗೆಟಿವ್ ವೈರು), ಅದಕ್ಕೆ ತಾಗಿಸ್ಬೇಡಿ, ಫ್ಯೂಸ್ ಹೋಗುತ್ತೆ. ಹೊಸ ಕಾರುಗಳಲ್ಲಿ ಬೇರೆ ರಿಲೇ ಇರೋದೇ ಕಮ್ಮಿ, ಕಂಪ್ಯೂಟರ್ ಬಾಕ್ಸೇ ಮಿಣುಕ್ಸುತ್ತೆ, ಟಿಕ್ ಟಿಕ್ ಕೂಡ ಸ್ಪೀಕರ್‌ದು, ಅಲ್ಲಿ ಈ ವೈರ್ ಆಟ ಬೇಡ, ಸ್ಕ್ಯಾನರ್ ಹಾಕ್ಸಿ.

ಒಂದೇ ಸೈಡ್ ಗಡಿಬಿಡಿಯಲ್ಲಿ ಮಿಣುಕ್ತಿದ್ರೆ ಆ ಕಡೆ ಬಲ್ಬ್ ಹೋಗಿದೆ. ಮುಂದೊಂದು ಹಿಂದೊಂದು 21 ವ್ಯಾಟಿನ ಬಲ್ಬು, ಒಂದು ಹೋದ್ರೆ ಲೋಡ್ (ಎಳೆಯೋ ಕರೆಂಟ್) ಸುಮಾರು ಅರ್ಧ ಆಗುತ್ತೆ, ರಿಲೇ ಬೇಕಂತಲೇ ಸ್ಪೀಡಾಗಿ ಮಿಣುಕ್ಸಿ ನಿಮಗೆ ಹೇಳುತ್ತೆ. ಎಲ್‌ಇಡಿ ಹಾಕಿಸ್ಕೊಂಡೋರ ಗೋಳೂ ಇದೇ, ಲೋಡ್ ಸಾಲಲ್ಲ. ಬಲ್ಬ್ ತೆಗೆದಾಗ ಹೋಲ್ಡರ್ ಒಳಗೆ ಇಣುಕಿ ನೋಡಿ, ಹಸಿರು ಪುಡಿ ಕೂತಿದ್ರೆ ನೀರು ಇಳಿದಿದೆ, ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ. ಹೊಸ ಬಲ್ಬ್ ಕೂರ್ತಿಲ್ಲ ಅಂತ ಒತ್ತಬೇಡಿ, ಕಿತ್ತಳೆ ಬಣ್ಣದ್ದರ ಎರಡು ಪಿನ್ನು ಎದುರುಬದುರು ಇರಲ್ಲ, ಸ್ವಲ್ಪ ಒಂದು ಕಡೆಗಿರುತ್ತೆ, ಬಿಳೀದು ಅದರ ಜಾಗದಲ್ಲಿ ಕೂರದೇ ಇರ್ಲಿ ಅಂತಾನೇ ಹಾಗೆ ಮಾಡಿರೋದು. ಇಂಡಿಕೇಟರ್ ಹಾಕಿದ್ರೆ ಪಕ್ಕದ ಬ್ರೇಕ್ ಲೈಟೂ ಮಂಕಾಗಿ ಮಿಣುಕುತ್ತೆ ಅಂದ್ರೆ ಆ ಲ್ಯಾಂಪಿನ ಅರ್ಥ್ ವೈರ್ ಹಿಡಿದು ಹೋಗಿ, ಬೋಲ್ಟ್ ಕೆಳಗೆ ತುಕ್ಕು ಸಿಗುತ್ತೆ.

ನಿಮ್ಮ ಕೇಸಲ್ಲಿ ಇಷ್ಟೆಲ್ಲಾ ಬೇಕಾಗಲ್ಲ. ಫ್ಯೂಸ್ ನೋಡಿ, ಆಮೇಲೆ ಬಟನ್ ಒತ್ತಿ, ಒತ್ತುವಾಗ ಇಗ್ನಿಷನ್ ಆನ್ ಇಟ್ಟು ಇಂಡಿಕೇಟರ್ ಹಾಕಿರಿ, ಯಾವ ಸಲಕ್ಕೆ ಬರುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ.