ಪಬ್ಲಿಕ್ ಪಾರ್ಕ್ ಅಂದರೆ ಏನು?

ಪಾರ್ಕ್ ಅಂದ ಕೂಡಲೇ ಕಣ್ಣಿಗೆ ಬರುವುದು ಮರ, ಹುಲ್ಲು, ಹೂವು, ನಾಲ್ಕಾರು ಬೆಂಚು. ಆದರೆ ಇವೆಲ್ಲ ಸಿರಿವಂತರ ಬಂಗಲೆಯ ಹಿತ್ತಲಲ್ಲೂ ಇರುತ್ತವೆ. ಅದನ್ನು ಯಾರೂ ಪಬ್ಲಿಕ್ ಪಾರ್ಕ್ ಅನ್ನುವುದಿಲ್ಲ. ಇನ್ನೊಂದು ಕಡೆ, ಬರ್ಲಿನ್ ನಗರದ ನಡುವೆ ಒಂದು ದೊಡ್ಡ ಪಾರ್ಕ್ ಇದೆ. ಅಲ್ಲಿ ಮರಗಳೇ ಕಡಿಮೆ. ಇರುವುದು ಹುಲ್ಲಿನ ಬಯಲು ಮತ್ತು ಒಂದು ಕಾಲದಲ್ಲಿ ವಿಮಾನ ಇಳಿಯುತ್ತಿದ್ದ ರನ್‌ವೇಗಳು. ಆದರೂ ಅದು ಅಪ್ಪಟ ಪಬ್ಲಿಕ್ ಪಾರ್ಕ್.

ಹಾಗಾಗಿ ಈ ಮಾತಿನ ತಿರುಳು ಗಿಡಮರದಲ್ಲಿಲ್ಲ, ಹಕ್ಕಿನಲ್ಲಿದೆ. ಜಾಗ ಯಾರದ್ದು? ಒಳಗೆ ಹೋಗಲು ಯಾರನ್ನಾದರೂ ಕೇಳಬೇಕಾ? ನೋಡಿಕೊಳ್ಳುವ ಖರ್ಚು ಯಾರ ಜೇಬಿನಿಂದ? ನಾಳೆ ಅಲ್ಲಿ ಕಟ್ಟಡ ಏಳುತ್ತದೆ ಅಂದರೆ ಬೇಡ ಅನ್ನುವ ಅಧಿಕಾರ ಯಾರಿಗಿದೆ? ಊರಿನ ಯಾರೇ ಆಗಲಿ ಸುಮ್ನೆ ಹೋಗಿ ಕೂರಬಹುದು, ಏನೂ ಕೊಳ್ಳಬೇಕಿಲ್ಲ, ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ ಅನ್ನುವಂತಿದ್ದರೆ ಅದು ಪಬ್ಲಿಕ್ ಪಾರ್ಕ್. ಕೇಳಲು ಸುಲಭ. ಆದರೆ ಇಲ್ಲಿಗೆ ಬರಲು ಶತಮಾನಗಳೇ ಹಿಡಿದವು.

ಇಂಗ್ಲೆಂಡಿನಲ್ಲಿ ಪಾರ್ಕ್ ಅಂದರೆ ಮೊದಲು ಬೇಲಿ ಹಾಕಿ ಜಿಂಕೆ ಬಿಟ್ಟ ಬೇಟೆಯ ಜಾಗ. ಲಂಡನ್ನಿನ ಹೈಡ್ ಪಾರ್ಕ್ ಶುರುವಾಗಿದ್ದೂ ಹಾಗೆಯೇ. 1536ರಲ್ಲಿ ಎಂಟನೇ ಹೆನ್ರಿ ವೆಸ್ಟ್‌ಮಿನ್‌ಸ್ಟರ್ ಮಠದವರಿಂದ ಆ ಜಾಗ ತೆಗೆದುಕೊಂಡು ತನ್ನ ಬೇಟೆಗೆ ಇಟ್ಟುಕೊಂಡ. ನೂರು ವರ್ಷದ ಮೇಲೆ, 1637ರಲ್ಲಿ, ಒಂದನೇ ಚಾರ್ಲ್ಸ್ ಜನರಿಗೆ ಬಾಗಿಲು ತೆಗೆದ. ಒಳ್ಳೆಯದೇ ಆಯಿತು. ಆದರೆ ಅದು ರಾಜ ಮನಸ್ಸು ಮಾಡಿ ಕೊಟ್ಟಿದ್ದು, ಜನರಿಗೆ ಹಕ್ಕಾಗಿ ಬಂದಿದ್ದಲ್ಲ. ಮುಂದೆ ಚಾರ್ಲ್ಸ್‌ನ ತಲೆ ಕಡಿದು ರಾಜರ ಆಳ್ವಿಕೆಯನ್ನೇ ತೆಗೆದುಹಾಕಿದರು. 1652ರಲ್ಲಿ ಸಂಸತ್ತು ಆ ಪಾರ್ಕನ್ನು ಭಾಗ ಮಾಡಿ ಖಾಸಗಿಯವರಿಗೆ ಮಾರಿಯೇಬಿಟ್ಟಿತು. ಕೊಂಡವರು ಒಳಗೆ ಬರುವ ಗಾಡಿಗಳಿಗೆ ಕಾಸು ವಸೂಲಿ ಶುರುಮಾಡಿದರು. ರಾಜರ ಆಳ್ವಿಕೆ ಮರಳಿದ ಮೇಲೆ ಅದು ಮತ್ತೆ ಅರಮನೆಯ ಕೈಗೆ ಬಂತು. ಮರಗಳು ಅವೇ, ಹುಲ್ಲೂ ಅದೇ. ಬದಲಾಗುತ್ತಿದ್ದದ್ದು ಗೇಟಿನ ಬಳಿ ನಿಂತವನ ಹಕ್ಕು ಮಾತ್ರ.

ಜನರ ದುಡ್ಡಿನಲ್ಲಿ, ಜನರಿಗಾಗಿಯೇ ಪಾರ್ಕ್ ಮಾಡಬೇಕು ಅನ್ನುವ ಯೋಚನೆ ಬಲವಾಗಿದ್ದು ಕಾರ್ಖಾನೆಗಳ ಕಾಲದಲ್ಲಿ. ಊರುಗಳು ಹೊಗೆಯಲ್ಲಿ ಮುಳುಗಿದ್ದವು. ಕೂಲಿಯವರ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಾಲಾಡಿಸಲೂ ಜಾಗ ಇರಲಿಲ್ಲ. 1833ರಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯೊಂದು ಇದನ್ನೇ ವಿಚಾರಿಸಿ, ಜನ ಓಡಾಡಲು ತೆರೆದ ಜಾಗಗಳು ಬೇಕು ಅಂದಿತು. ಸಮಿತಿಗೆ ಬರೀ ಕರುಣೆ ಇತ್ತು ಅಂದುಕೊಳ್ಳಬೇಡಿ. ಪಾರ್ಕ್ ಇದ್ದರೆ ಕೆಲಸಗಾರರು ಹೆಂಡದಂಗಡಿಗೆ ಹೋಗುವುದು ಕಡಿಮೆಯಾದೀತು ಅನ್ನುವ ಲೆಕ್ಕಾಚಾರವೂ ಇತ್ತು. ಪೂರ್ವ ಲಂಡನ್ನಿನ ಸುಮಾರು 30,000 ಜನ ಸಹಿ ಹಾಕಿ ರಾಣಿ ವಿಕ್ಟೋರಿಯಾಗೆ ಅರ್ಜಿ ಕೊಟ್ಟರು. 1845ರ ಹೊತ್ತಿಗೆ ಅಲ್ಲಿ ವಿಕ್ಟೋರಿಯಾ ಪಾರ್ಕ್ ಬಂತು. ಡರ್ಬಿ ಊರಿನಲ್ಲಿ 1840ರಲ್ಲಿ ಗಿರಣಿ ಮಾಲೀಕ ಜೋಸೆಫ್ ಸ್ಟ್ರಟ್ ಒಂದು ಉದ್ಯಾನವನ್ನೇ ದಾನ ಕೊಟ್ಟಿದ್ದ. ಆದರೆ ಮೊದಮೊದಲು ಅಲ್ಲಿ ಪುಕ್ಕಟೆ ಪ್ರವೇಶ ವಾರಕ್ಕೆ ಎರಡು ದಿನ ಮಾತ್ರ.

ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್ ಊರು ಇದಕ್ಕೆ ಬೇರೆಯದೇ ದಾರಿ ಹುಡುಕಿತು. ಊರಿನ ಆಡಳಿತದವರು 226 ಎಕರೆ ಜೌಗು ನೆಲ ಕೊಂಡರು. ಅದರಲ್ಲಿ 125 ಎಕರೆಯನ್ನು ಪಾರ್ಕ್‌ಗೆ ಬಿಟ್ಟು, ಸುತ್ತಲಿನದನ್ನು ಸೈಟ್ ಮಾಡಿ ಮಾರಿದರು. ಪಾರ್ಕ್ ಎದುರಿಗಿನ ಸೈಟ್ ಅಂದರೆ ಬೆಲೆ ಜಾಸ್ತಿ ಅಲ್ವಾ? ಆ ದುಡ್ಡಿನಿಂದ ಪಾರ್ಕಿನ ಖರ್ಚು ಹುಟ್ಟಿಸುವುದು ಅವರ ಉಪಾಯ. ಜೋಸೆಫ್ ಪ್ಯಾಕ್ಸ್‌ಟನ್ ವಿನ್ಯಾಸ ಮಾಡಿದ. ಕೆರೆ ತೋಡಿ, ತೆಗೆದ ಮಣ್ಣಿನಲ್ಲೇ ದಿಬ್ಬ ಎಬ್ಬಿಸಿ, 1847ರ ಏಪ್ರಿಲ್‌ನಲ್ಲಿ ಪಾರ್ಕ್ ತೆರೆದರು. ಸರ್ಕಾರಿ ದುಡ್ಡಿನಲ್ಲಿ ಎಲ್ಲರಿಗಾಗಿ ಮಾಡಿದ ಮೊದಲ ಪಾರ್ಕ್ ಅಂತ ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ.

1850ರಲ್ಲಿ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಅನ್ನುವ ಅಮೆರಿಕದ ಯುವಕ ಅಲ್ಲಿಗೆ ಬಂದ. ಬರ್ಕನ್‌ಹೆಡ್‌ನ ಬೇಕರಿಯೊಂದರಲ್ಲಿ ಬನ್ ಕೊಳ್ಳಲು ನಿಂತಾಗ, ಬೇಕರಿಯವನೇ ನಮ್ಮ ಊರಿನ ಹೊಸ ಪಾರ್ಕ್ ನೋಡದೆ ಹೋಗಬೇಡಿ ಅಂತ ಒತ್ತಾಯ ಮಾಡಿದ. ಓಮ್‌ಸ್ಟೆಡ್ ಹೋಗಿ ನೋಡಿದ. ಬಡವರೂ ಸಿರಿವಂತರೂ ಒಂದೇ ಹಾದಿಯಲ್ಲಿ ಓಡಾಡುತ್ತಿದ್ದದ್ದು ಅವನನ್ನು ಬೆರಗುಗೊಳಿಸಿತು. ಪ್ರಜಾಪ್ರಭುತ್ವದ ತನ್ನ ದೇಶದಲ್ಲೇ ಇಂಥದ್ದು ಇಲ್ಲವಲ್ಲ ಅಂತ ಅವನಿಗೆ ಅನ್ನಿಸಿತು. ಎಂಟು ವರ್ಷದ ಮೇಲೆ, 1858ರಲ್ಲಿ, ಅವನೂ ಕ್ಯಾಲ್ವರ್ಟ್ ವಾಕ್ಸ್ ಎಂಬ ವಾಸ್ತುಶಿಲ್ಪಿಯೂ ಸೇರಿ ಮಾಡಿದ ನಕ್ಷೆ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಸ್ಪರ್ಧೆಯಲ್ಲಿ ಗೆದ್ದಿತು.

ಸೆಂಟ್ರಲ್ ಪಾರ್ಕ್ ನೋಡಿದವರು, ಊರು ಬೆಳೆಯುವಾಗ ನಡುವೆ ಉಳಿಸಿಕೊಂಡ ಕಾಡಿನ ತುಂಡು ಇದು ಅಂದುಕೊಳ್ಳುವುದುಂಟು. ಅಲ್ಲವೇ ಅಲ್ಲ. ಆ 843 ಎಕರೆಯಲ್ಲಿರುವ ಕೆರೆ, ತೊರೆಗಳೆಲ್ಲ ಮನುಷ್ಯರು ಮಾಡಿದ್ದು. ಇವತ್ತಿಗೂ ಅವುಗಳಿಗೆ ಬರುವುದು ನಗರದ ಪೈಪಿನ ನೀರು. ಬಂಡೆಗಳನ್ನು ಸಿಡಿಸಿ, ಹೊರಗಿನಿಂದ ಮಣ್ಣು ತಂದು ಸುರಿದು, ಎಲ್ಲಿ ದಿಬ್ಬ ಬೇಕು, ಎಲ್ಲಿ ತಗ್ಗು ಬೇಕು ಅಂತ ಲೆಕ್ಕ ಹಾಕಿ ಕಟ್ಟಿದ ಪಾರ್ಕ್ ಇದು. ತನ್ನಷ್ಟಕ್ಕೆ ಇದ್ದ ಹಾಗೆ ಕಾಣುವಂತೆ ಮಾಡಿದ್ದೇ ಅವರ ಜಾಣತನ.

ಅದರಲ್ಲೂ ನನಗೆ ತುಂಬಾ ಇಷ್ಟವಾಗುವುದು ಅಡ್ಡರಸ್ತೆಗಳ ಉಪಾಯ. ನಾಲ್ಕು ರಸ್ತೆಗಳು ಪಾರ್ಕನ್ನು ಅಡ್ಡಲಾಗಿ ದಾಟಲೇಬೇಕು ಅಂತ ಸ್ಪರ್ಧೆಯ ನಿಯಮವೇ ಇತ್ತು. ನೆಲದ ಮೇಲೆಯೇ ರಸ್ತೆ ಹಾಕಿದ್ದರೆ ಪಾರ್ಕ್ ಐದು ತುಂಡಾಗುತ್ತಿತ್ತು. ಇವರಿಬ್ಬರು ರಸ್ತೆಗಳನ್ನು ಸುಮಾರು ಎಂಟು ಅಡಿ ಕೆಳಗೆ ಇಳಿಸಿದರು. ಎರಡೂ ಬದಿಗೆ ಕಲ್ಲಿನ ಗೋಡೆ. ಮೇಲೆ ಸೇತುವೆ, ಅದರ ಮೇಲೆ ಮಣ್ಣು, ಗಿಡ. ಗಾಡಿಗಳು ಕೆಳಗೆ ಓಡುತ್ತವೆ, ಮೇಲೆ ನಡೆಯುವವರಿಗೆ ಅವು ಕಾಣುವುದೇ ಇಲ್ಲ. ಆಗ ಇದ್ದದ್ದು ಕುದುರೆಗಾಡಿ, ಈಗ ಓಡುವುದು ಬಸ್ಸು, ಟ್ಯಾಕ್ಸಿ. ಉಪಾಯ ಮಾತ್ರ ಅದೇ. ಪಾರ್ಕಿನೊಳಗೂ ನಡೆಯುವವರಿಗೆ, ಕುದುರೆ ಸವಾರರಿಗೆ, ಗಾಡಿಗಳಿಗೆ ಬೇರೆ ಬೇರೆ ದಾರಿ. ಒಂದು ಇನ್ನೊಂದನ್ನು ದಾಟಬೇಕಾದ ಕಡೆ ಕಮಾನು ಸೇತುವೆ.

ಇದೇ ಪಾರ್ಕಿಗೆ ಇನ್ನೊಂದು ಮುಖವೂ ಇದೆ. ಅದರ ಪಶ್ಚಿಮದ ಅಂಚಿನಲ್ಲಿ ಸೆನೆಕಾ ವಿಲೇಜ್ ಅನ್ನುವ ಊರಿತ್ತು. 1825ರಿಂದ ಅಲ್ಲಿ ನೆಲೆಸಿದವರಲ್ಲಿ ಹೆಚ್ಚಿನವರು ಕಪ್ಪು ಜನ. ಮೂರು ಚರ್ಚು, ಒಂದು ಶಾಲೆ, ಸ್ವಂತ ಮನೆಗಳು ಇದ್ದವು. ಆಗಿನ ನ್ಯೂಯಾರ್ಕ್ ಕಾನೂನಿನಲ್ಲಿ ಕಪ್ಪು ಗಂಡಸು ಓಟು ಹಾಕಬೇಕಾದರೆ 250 ಡಾಲರ್ ಬೆಲೆಯ ಆಸ್ತಿ ಇರಬೇಕಿತ್ತು. ಹಾಗಾಗಿ ಅಲ್ಲಿನ ಒಂದು ಸೈಟ್ ಅಂದರೆ ಬರೀ ಮನೆಯಲ್ಲ, ಓಟಿನ ಹಕ್ಕೂ ಹೌದು. 1857ರ ಹೊತ್ತಿಗೆ ಸರ್ಕಾರ ಪರಿಹಾರ ಕೊಟ್ಟು ಎಲ್ಲರನ್ನೂ ಎಬ್ಬಿಸಿತು. ಪಾರ್ಕಿನ ಇಡೀ ಜಾಗದಿಂದ ಹೀಗೆ ಹೊರಟವರು ಸುಮಾರು 1,600 ಜನ. ಎಲ್ಲರಿಗಾಗಿ ಅಂತ ಮಾಡುವಾಗಲೂ ಆ ಎಲ್ಲರ ಲೆಕ್ಕದಲ್ಲಿ ಕೆಲವರು ಇರುವುದಿಲ್ಲ.

ಸಾಮಾನ್ಯವಾಗಿ ಪಾರ್ಕಿನ ಪಾಲಿಗೆ ಬರುವುದು ಬೇರೆ ಯಾವುದಕ್ಕೂ ಬಾರದ ನೆಲ. ಒಳ್ಳೆಯ ನೆಲವನ್ನು ಯಾರೂ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಪ್ಯಾರಿಸ್‌ನ ಬ್ಯೂಟ್ ಶೋಮೋ ಪಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಮೊದಲು ಜಿಪ್ಸಮ್ ತೆಗೆಯುತ್ತಿದ್ದ ಗಣಿ. ಆಮೇಲೆ ಊರಿನ ಕಸ, ಸತ್ತ ಕುದುರೆ ತಂದು ಹಾಕುವ ಜಾಗ. ಗಾಳಿ ಬೀಸಿದರೆ ಸುತ್ತಲಿನವರಿಗೆ ನಾತ. ಮೂರನೇ ನೆಪೋಲಿಯನ್ ಕಾಲದಲ್ಲಿ ಇಂಜಿನಿಯರ್ ಅಲ್ಫಾಂಡ್ ಅದನ್ನು ಕೈಗೆತ್ತಿಕೊಂಡ. ಗಣಿಯ ಗುಂಡಿಯನ್ನು ಮುಚ್ಚಿಹಾಕುವ ಬದಲು ಅದನ್ನೇ ಚೆಲುವಾಗಿಸಿದ. ಕಡಿದುಬಿಟ್ಟ ಬಂಡೆ ಕಡಿದಾದ ದ್ವೀಪವಾಯಿತು, ಸುತ್ತ ಕೆರೆ ಬಂತು. ಹಳೆಯ ಸುರಂಗ ಗುಹೆಯಾಯಿತು. ಗುಹೆಯೊಳಗೆ ಬೀಳುವ ಜಲಪಾತದ ನೀರು ಪಂಪಿನಿಂದ ಮೇಲೆತ್ತಿದ್ದು. ಹಾದಿ ಬದಿಯ ಕಟಾಂಜನ ಮರದ ಕೊಂಬೆಯಂತೆ ಕಾಣುತ್ತದೆ. ಮುಟ್ಟಿ ನೋಡಿದರೆ ಸಿಮೆಂಟು! 1867ರಲ್ಲಿ, ಪ್ಯಾರಿಸ್‌ನ ವಿಶ್ವ ಮೇಳದ ಹೊತ್ತಿಗೆ, ಇದು ಜನರಿಗೆ ತೆರೆಯಿತು.

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕ್ ಇರುವುದು ಮರಳು ದಿಬ್ಬಗಳ ಮೇಲೆ. ಸಮುದ್ರದ ಗಾಳಿಗೆ ಮರಳು ನಿಲ್ಲುತ್ತಿರಲಿಲ್ಲ, ಇನ್ನು ಗಿಡ ನಿಲ್ಲುವುದೆಲ್ಲಿ? ಕುದುರೆಯ ಮೇವಿನಿಂದ ಉದುರಿದ ಬಾರ್ಲಿ ಕಾಳು ಮರಳಲ್ಲೇ ಮೊಳೆತದ್ದು ನೋಡಿ ಇಂಜಿನಿಯರ್ ವಿಲಿಯಂ ಹ್ಯಾಮಂಡ್ ಹಾಲ್‌ಗೆ ದಾರಿ ಹೊಳೆಯಿತು ಅಂತ ಒಂದು ಕಥೆ ಇದೆ. ಬೇಗ ಚಿಗುರುವ ಬಾರ್ಲಿ ಮೊದಲು ಮರಳನ್ನು ಹಿಡಿಯಬೇಕು. ಅದರ ಆಸರೆಯಲ್ಲಿ ಲೂಪಿನ್ ಅನ್ನುವ ಗಟ್ಟಿ ಬೇರಿನ ಗಿಡ ಬೆಳೆಯಬೇಕು. ಮರಗಳ ಸರದಿ ಕೊನೆಗೆ. ಬೀದಿಯಲ್ಲಿ ಬಳಿದ ಕುದುರೆ ಲದ್ದಿಯೇ ಗೊಬ್ಬರ. ಇವತ್ತು 1,017 ಎಕರೆ ಹಸಿರಿನಲ್ಲಿ ನಿಂತವರಿಗೆ ಕಾಲಡಿ ಮರಳಿದೆ ಅಂದರೆ ನಂಬಿಕೆ ಬರುವುದಿಲ್ಲ.

ಕೈರೋದ ಅಲ್ ಅಝರ್ ಪಾರ್ಕ್ 2005ರಲ್ಲಿ ತೆರೆದಿದ್ದು. ಐನೂರು ವರ್ಷ ಊರಿನ ಕಲ್ಲುಮಣ್ಣು ಸುರಿದ ಗುಡ್ಡ ಅದು. ಕೆದಕುತ್ತಾ ಹೋದಾಗ 12ನೇ ಶತಮಾನದ ಅಯ್ಯೂಬಿ ಅರಸರ ಕಾಲದ ಕೋಟೆಗೋಡೆ ಸುಮಾರು ಒಂದೂವರೆ ಕಿಲೋಮೀಟರ್ ಉದ್ದ ಸಿಕ್ಕಿತು. ಪಾರ್ಕಿನ ನೆಲದೊಳಗೆ ಊರಿಗೆ ಕುಡಿಯುವ ನೀರು ಕೊಡುವ ಮೂರು ದೊಡ್ಡ ತೊಟ್ಟಿಗಳೂ ಇವೆ.

ಈಗೀಗ ಪಾರ್ಕಾಗುವುದು ಯಂತ್ರಯುಗ ಬಿಟ್ಟುಹೋದ ಜಾಗಗಳು. ಪ್ಯಾರಿಸ್‌ನಲ್ಲಿ ಹಳೆಯ ರೈಲು ಸೇತುವೆಯ ಮೇಲೆ ನಡೆದಾಡುವ ತೋಟ 1993ರಲ್ಲೇ ಬಂದಿತ್ತು. ನ್ಯೂಯಾರ್ಕ್‌ನಲ್ಲಿ ಅಂಥದ್ದೇ ಹೈ ಲೈನ್ ಪಾರ್ಕ್ ಶುರುವಾಗಿದ್ದು 2009ರಲ್ಲಿ. ಅಲ್ಲಿ ಕೊನೆಯ ರೈಲು ಓಡಿದ್ದು 1980ರಲ್ಲಿ. ಆಮೇಲೆ ಹಳಿಗಳ ನಡುವೆ ತಾವಾಗಿಯೇ ಹುಟ್ಟಿದ ಹುಲ್ಲು, ಕಾಡುಹೂವುಗಳನ್ನು ನೋಡಿಯೇ ಈಗಿನ ತೋಟದ ಗಿಡಗಳನ್ನು ಆರಿಸಿದರು. ದಕ್ಷಿಣ ಕೊರಿಯಾದ ಸೋಲ್ ನಗರ ಇನ್ನೂ ಮುಂದೆ ಹೋಯಿತು. ಹಿಂದೆ ಹೊಳೆಯನ್ನು ಮುಚ್ಚಿ ಅದರ ಮೇಲೆ ಕಟ್ಟಿದ್ದ ಹೆದ್ದಾರಿಯನ್ನೇ ಕೆಡವಿ, 2005ರಲ್ಲಿ ಚಂಗ್ಯೆಚಾನ್ ಹೊಳೆಯ ದಂಡೆಯನ್ನು ಜನರಿಗೆ ಕೊಟ್ಟಿತು. ಅಲ್ಲಿ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿದ್ದು. ಇದು ಹೊಳೆಯೇ ಅಲ್ಲ ಅಂತ ಮೂಗು ಮುರಿಯುವವರು ಇದ್ದಾರೆ. ಮಾತು ಸುಳ್ಳಲ್ಲ. ಆದರೆ ಆ ಲೆಕ್ಕಕ್ಕೆ ಸೆಂಟ್ರಲ್ ಪಾರ್ಕಿನ ಕೆರೆಯೂ ಕೆರೆಯಲ್ಲ.

ಸಿಂಗಪುರದ ಬಿಶಾನ್ ಪಾರ್ಕಿನಲ್ಲಿ ನೇರವಾಗಿ ಓಡುತ್ತಿದ್ದ ಕಾಂಕ್ರೀಟ್ ಕಾಲುವೆಯನ್ನು ಒಡೆದು, 2012ರ ಹೊತ್ತಿಗೆ ಬಳುಕುವ ನದಿ ಮಾಡಿದರು. ಜೋರು ಮಳೆ ಬಂದರೆ ನೀರು ಹುಲ್ಲುಹಾಸಿನ ಮೇಲೆ ಹರಡಿಕೊಳ್ಳುತ್ತದೆ. ಮೊದಲೇ ಸೈರನ್ ಕೂಗುತ್ತದೆ, ಜನ ಮೇಲೆ ಸರಿಯುತ್ತಾರೆ. ಬಿಸಿಲಿದ್ದಾಗ ಆಡುವ ಬಯಲು, ಮಳೆಯಲ್ಲಿ ನೆರೆ ತಡೆಯುವ ಜಾಗ.

ಪಾರ್ಕ್ ಬಂದರೆ ಸುತ್ತಲಿನ ಬೆಲೆ ಏರುತ್ತದೆ. ಬರ್ಕನ್‌ಹೆಡ್‌ನವರಿಗೆ ಅದೇ ಬಂಡವಾಳ. ಹೈ ಲೈನ್ ಸುತ್ತ ಅದೇ ತಲೆನೋವಾಯಿತು. ಗಾಜಿನ ಅಪಾರ್ಟ್‌ಮೆಂಟುಗಳು ಎದ್ದವು, ಬಾಡಿಗೆ ಏರಿತು. ಪಾರ್ಕ್ ಯಾರಿಗೆ ಬೇಕಿತ್ತೋ ಅವರಿಗೇ ಹತ್ತಿರದಲ್ಲಿ ಇರಲಾಗದ ಸ್ಥಿತಿ. ಇನ್ನು ನೋಡಿಕೊಳ್ಳುವ ಖರ್ಚು. 1970ರ ದಶಕದಲ್ಲಿ ನ್ಯೂಯಾರ್ಕ್ ನಗರಸಭೆ ದಿವಾಳಿಯ ಅಂಚಿಗೆ ಬಂದಾಗ ಸೆಂಟ್ರಲ್ ಪಾರ್ಕ್ ಹಾಳು ಬಿತ್ತು. ಹುಲ್ಲು ಹೋಗಿ ದೂಳು ಉಳಿಯಿತು. 1980ರಲ್ಲಿ ಹುಟ್ಟಿದ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಅನ್ನುವ ಸಂಸ್ಥೆ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. ಇವತ್ತಿಗೂ ಖರ್ಚಿನ ಬಹುಪಾಲು ಅದೇ ಹೊಂದಿಸುತ್ತದೆ. ಸಿರಿವಂತರ ನಡುವೆ ಇರುವ ಪಾರ್ಕಿಗೆ ದಾನಿಗಳು ಸಿಗುತ್ತಾರೆ. ಬಡವರ ಕೇರಿಯ ಪಾರ್ಕಿಗೆ ನಗರಸಭೆಯೇ ಗತಿ. ಈ ಏರ್ಪಾಡಿನ ಬಗ್ಗೆ ನನ್ನ ತಕರಾರು ಇರುವುದೇ ಇಲ್ಲಿ.

ಜನ ಸೇರುವ ಜಾಗ ಅಂದ ಮೇಲೆ ಕೂಗು, ಜಗಳ ಎಲ್ಲಾ ಇರುವುದೇ. 1866ರಲ್ಲಿ ಓಟಿನ ಹಕ್ಕು ಕೇಳಲು ಬಂದವರಿಗೆ ಹೈಡ್ ಪಾರ್ಕಿನ ಗೇಟು ಮುಚ್ಚಿದರು. ಜನ ಕಂಬಿಗಳನ್ನೇ ಕಿತ್ತುಹಾಕಿದರು. ಮುಂದೆ 1872ರ ಕಾನೂನು ಬಂದು, ಆ ಪಾರ್ಕಿನಲ್ಲಿ ಸಭೆ ಸೇರಿ ಮಾತಾಡಲು ಅವಕಾಶವಾಯಿತು. ಯಾರು ಬೇಕಾದರೂ ನಿಂತು ಭಾಷಣ ಮಾಡುವ ಅಲ್ಲಿನ ಮೂಲೆ, ಸ್ಪೀಕರ್ಸ್ ಕಾರ್ನರ್, ಹೆಸರಾಗಿದ್ದು ಹೀಗೆ. 2013ರಲ್ಲಿ ಇಸ್ತಾಂಬುಲ್‌ನ ಪುಟ್ಟ ಗೆಝಿ ಪಾರ್ಕಿನ ಮರ ಉಳಿಸಲು ಕೂತವರನ್ನು ಪೊಲೀಸರು ಎಬ್ಬಿಸಿದ್ದೇ ತಡ, ಪ್ರತಿಭಟನೆ ಟರ್ಕಿ ದೇಶವಿಡೀ ಹಬ್ಬಿತು.

ಬರ್ಲಿನ್‌ನ ಆ ರನ್‌ವೇ ಪಾರ್ಕಿನ ಹೆಸರು ಟೆಂಪಲ್‌ಹಾಫ್. ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿತು, 2010ರಲ್ಲಿ ಗೇಟು ತೆರೆಯಿತು. ಅಂಚಿನಲ್ಲಿ ಒಂದಷ್ಟು ಮನೆ, ಒಂದು ಲೈಬ್ರರಿ ಕಟ್ಟುತ್ತೇವೆ ಅಂತ ನಗರದ ಆಡಳಿತ ಹೊರಟಿತು. 2014ರ ಮೇ 25ರಂದು ಜನಮತ ನಡೆಯಿತು. ಶೇ 64ರಷ್ಟು ಜನ ಏನೂ ಕಟ್ಟಬೇಡಿ ಅಂದರು. ಮನೆಗಳ ಕೊರತೆ ಇರುವ ಊರಿನಲ್ಲಿ ಇದು ಸರಿಯಾ ಅನ್ನುವ ವಾದ ಇನ್ನೂ ನಿಂತಿಲ್ಲ. ನನಗೂ ಎರಡೂ ಕಡೆಯ ಮಾತು ಸರಿ ಅನ್ನಿಸುತ್ತದೆ.

ಗೆರೆಯ ಮೇಲೆ ನಿಂತ ಜಾಗಗಳೂ ಇವೆ. ನ್ಯೂಯಾರ್ಕ್‌ನ ಗ್ರಾಮರ್ಸಿ ಪಾರ್ಕ್ ಹೆಸರಿಗೆ ಪಾರ್ಕ್. ಆದರೆ ಸುತ್ತಲಿನ ಮನೆಯವರ ಕೈಯಲ್ಲಿ ಬೀಗದ ಕೀ ಇದೆ, ಉಳಿದವರು ಕಂಬಿಯಾಚೆ. ಅದೇ ಊರಿನ ಪೇಲಿ ಪಾರ್ಕ್ ಖಾಸಗಿ ಆಸ್ತಿ, 1967ರಿಂದ ಎಲ್ಲರಿಗೂ ತೆರೆದಿದೆ. ಎರಡು ಕಟ್ಟಡಗಳ ಸಂದಿನಷ್ಟೇ ಜಾಗ, 20 ಅಡಿ ಎತ್ತರದಿಂದ ಬೀಳುವ ನೀರು, ಬೇಕಾದ ಕಡೆ ಎಳೆದುಕೊಂಡು ಕೂರುವ ಕುರ್ಚಿ. ಬಾರ್ಸಿಲೋನಾದ ಪಾರ್ಕ್ ಗುಯೆಲ್ ನಗರಸಭೆಯದ್ದೇ, 1926ರಿಂದ ಪಬ್ಲಿಕ್ ಪಾರ್ಕ್. ಆದರೆ ಪ್ರವಾಸಿಗಳ ನೂಕುನುಗ್ಗಲು ತಡೆಯಲಾಗದೆ 2013ರಲ್ಲಿ ವಾಸ್ತುಶಿಲ್ಪಿ ಗೌಡಿಯ ಕೆಲಸವಿರುವ ಮುಖ್ಯ ಭಾಗಕ್ಕೆ ಟಿಕೆಟ್ ಇಟ್ಟರು. ಊರಿನವರು ಹೆಸರು ನೋಂದಾಯಿಸಿಕೊಂಡರೆ ದುಡ್ಡು ಕೊಡಬೇಕಿಲ್ಲ. ಕಾಗದದ ಮೇಲಿನ ಒಡೆತನ ನೋಡಿದರೆ ಗುಯೆಲ್ ಪಬ್ಲಿಕ್, ಪೇಲಿ ಅಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ಐದು ನಿಮಿಷ ಕೂತು ಹೋಗೋಣ ಅಂತ ನುಗ್ಗಬಹುದಾದದ್ದು ಪೇಲಿಗೆ.