ಬಿರುಕಿನ ಮೇಲೆ ಕೂತ ಒಡೆಯದ ಪದರ

ಹಿಂದಿನ ಭೂಕಂಪಗಳ ಕಾಲ ತಿಳಿಯಲು ಸ್ತರಭಂಗಕ್ಕೆ, ಅಂದರೆ ನೆಲದ ಶಿಲೆಗಳು ಒಡೆದು ಜಾರುವ ಸೀಳಿಗೆ, ಅಡ್ಡಲಾಗಿ ಕಂದಕ ತೋಡುತ್ತಾರೆ. ಅದರಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಿರುಕು. ಆದರೆ ಭೂಕಂಪದ ಕಾಲ ಹೇಳುವುದು ಬಿರುಕಲ್ಲ, ಅದರ ಮೇಲೆ ಮುಚ್ಚಳದಂತೆ ಕೂತ ಒಡೆಯದ ಪದರ. ಒಡೆದ ಪದರಗಳಲ್ಲಿ ತೀರಾ ಮೇಲಿನದು ಬಿದ್ದ ಮೇಲೆ, ಒಡೆಯದ್ದರಲ್ಲಿ ತೀರಾ ಕೆಳಗಿನದು ಬೀಳುವ ಮೊದಲು ನೆಲ ಜಾರಿದೆ. ಇವೆರಡರ ನಡುವಿನ ಗೆರೆಯೇ ಅಂದಿನ ನೆಲಮಟ್ಟ.

ಎಲ್ಲೆಂದರಲ್ಲಿ ತೋಡಿದರೆ ಇದು ಸಿಗದು. ಎರಡು ಭೂಕಂಪಗಳ ನಡುವೆ ಅಲ್ಲಿ ಹೊಸ ಮಣ್ಣು ಬಂದು ಕೂತಿರಬೇಕು. ಲಾಸ್ ಏಂಜಲಿಸ್‌ನ ಈಶಾನ್ಯಕ್ಕೆ, ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಮೇಲಿರುವ ಪ್ಯಾಲೆಟ್ ಕ್ರೀಕ್ ಅಂಥ ಜಾಗ. ಹಿಂದೆ ಜೌಗಾಗಿದ್ದ ಅಲ್ಲಿ ಗಿಡಗಳು ಕೊಳೆತು ಕಪ್ಪು ಪೀಟ್ ಕಟ್ಟುತ್ತಿತ್ತು, ನೆರೆ ಬಂದಾಗ ಅದರ ಮೇಲೆ ಬಿಳಿ ಮರಳು ಹರಡುತ್ತಿತ್ತು. ಸುಮಾರು 1910ರಿಂದ ಹಳ್ಳ ಆಳಕ್ಕೆ ಕೊರೆದಾಗ ಚಿರೋಟಿಯ ಎಳೆಗಳಂತೆ ಇವೆಲ್ಲ ಬಯಲಾದವು. 1970ರ ದಶಕದಲ್ಲಿ ಭೂವಿಜ್ಞಾನಿ ಕೆರ್ರಿ ಸೀ ಅಲ್ಲಿ ಕಂದಕ ತೋಡಿ ಈ ವಿಧಾನಕ್ಕೆ ಗಟ್ಟಿ ಬುನಾದಿ ಹಾಕಿದರು. ಕೆಲವು ಕಡೆ ಭೂಕಂಪದ ಹೊಡೆತಕ್ಕೆ ನೀರು ತುಂಬಿದ ಮರಳು ಪೀಟನ್ನು ಸೀಳಿ ಮೇಲೆ ಚಿಮ್ಮಿ ಅಂದಿನ ನೆಲದ ಮೇಲೆ ಹರಡಿಕೊಂಡಿದೆ. ಬಿರುಕಿನ ತುದಿಗಿಂತ ಇದು ಎಷ್ಟೋ ಸಲ ನಂಬಿಕಸ್ತ ಸಾಕ್ಷಿ.

ತೋಡುವುದು ಜೆಸಿಬಿಯ ಕೆಲಸ, ಓದುವುದು ಕರಣೆಯದು. ಮೂರ್ನಾಲ್ಕು ಮೀಟರ್ ಆಳದ ಗೋಡೆ ಕುಸಿದರೆ ಒಳಗಿದ್ದವರು ಉಳಿಯುವುದು ಕಷ್ಟ. ಹಾಗಾಗಿ ಬದಿಗಳನ್ನು ಮೆಟ್ಟಿಲಾಗಿ ಕಡಿಯುತ್ತಾರೆ, ಇಲ್ಲವೇ ಹೈಡ್ರಾಲಿಕ್ ಜಾಕ್‌ಗಳನ್ನು ಅಡ್ಡ ಕೊಡುತ್ತಾರೆ. ಅಂತರ್ಜಲ ಮೇಲೇ ಇದ್ದರೆ ಪಂಪ್ ಓಡುತ್ತಲೇ ಇರಬೇಕು. ಜೆಸಿಬಿಯ ಬಕೆಟ್ ಗೋಡೆಗೆ ಜೇಡಿ ಸವರಿಬಿಟ್ಟಿರುತ್ತದೆ. ಅದನ್ನು ಕೆರೆದು ತೆಗೆಯುವವರೆಗೆ ಏನೂ ಕಾಣದು. ಆಮೇಲೆ ಮೊಳೆ ಹೊಡೆದು, ದಾರ ಕಟ್ಟಿ, ಮೀಟರ್ ಚೌಕಗಳಾಗಿ ಭಾಗ ಮಾಡಿ, ಫೋಟೊಗಳನ್ನು ಜೋಡಿಸಿ, ಅದರ ಮೇಲೆ ಒಂದೊಂದೇ ಪದರದ ಅಂಚನ್ನು ಎಳೆಯುತ್ತಾರೆ. ಎರಡೂ ಗೋಡೆಗಳನ್ನು ಓದಲೇಬೇಕು: ಒಂದರಲ್ಲಿ ಅರ್ಧಕ್ಕೇ ನಿಂತ ಬಿರುಕು ಎದುರಿನದರಲ್ಲಿ ಇನ್ನೂ ಮೇಲಕ್ಕೆ ಹೋಗಿರಬಹುದು.

ಎಡವುವುದೂ ಇಲ್ಲೇ. ಸಡಿಲ ಮರಳಿನಲ್ಲಿ ಬಿರುಕು ನೆಲ ಮುಟ್ಟುವ ಮೊದಲೇ ಅಳಿಸಿಹೋಗುತ್ತದೆ, ಭೂಕಂಪ ಇದ್ದದ್ದಕ್ಕಿಂತ ಹಳೆಯದಾಗಿ ಕಾಣುತ್ತದೆ. ಎರಡು ಕಂಪನಗಳ ನಡುವೆ ಮಣ್ಣು ಬೀಳದಿದ್ದರೆ ಎರಡೂ ಸೇರಿ ಒಂದಾಗುತ್ತವೆ. ಇಲಿಬಿಲ, ಕೊಳೆತ ಬೇರುಗಳೂ ಬಿರುಕಿನ ವೇಷ ಹಾಕುತ್ತವೆ.

ಕಾಲ ನಿರ್ಣಯ ಇಂಗಾಲ-14ರಿಂದ. ಸತ್ತ ಗಿಡಮರಗಳಲ್ಲಿ ಉಳಿದ ಇದು ಪ್ರತಿ 5,730 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಕೈಗೆ ಸುಲಭವಾಗಿ ಸಿಗುವ ಇದ್ದಿಲೇ ಮೋಸ ಮಾಡುವುದು ಹೆಚ್ಚು. ಮುನ್ನೂರು ವರ್ಷದ ಮರದ ತಿರುಳು ಸುಟ್ಟು, ನೆರೆಯಲ್ಲಿ ತೇಲಿ ಬಂದು ಕೂತಿದ್ದರೆ ಅದು ಹೇಳುವುದು ತಿರುಳಿನ ವಯಸ್ಸನ್ನು, ಪದರದ್ದನ್ನಲ್ಲ. ಬೀಜ, ಎಲೆ, ಸಣ್ಣ ಕಡ್ಡಿ ವಾಸಿ. ಆದರೂ ಉತ್ತರ ಬರುವುದು ಇಷ್ಟರಿಂದ ಇಷ್ಟರೊಳಗೆ ಎಂದೇ. ಬರಹದ ದಾಖಲೆ ಜೊತೆಗಿದ್ದರೆ ಇಸವಿಯೇ ಸಿಗಬಹುದು. ನೇಪಾಳದ ಸಿರ್ ಖೋಲಾದಲ್ಲಿ ಸಿಕ್ಕ ಹಳೆಯ ಬಿರುಕನ್ನು, ದೊರೆ ಅಭಯ ಮಲ್ಲನನ್ನು ಬಲಿ ತೆಗೆದುಕೊಂಡ 1255ರ ಕಂಪನಕ್ಕೆ ಹೊಂದಿಸಿದ್ದು ಹೀಗೆ. 1934ರ ಬಿಹಾರ–ನೇಪಾಳ ಭೂಕಂಪ ನೆಲವನ್ನು ಸೀಳಿತ್ತೆಂಬುದಕ್ಕೂ ಅಲ್ಲೇ ಪುರಾವೆ ಸಿಕ್ಕಿತು.

ಪ್ಯಾಲೆಟ್ ಕ್ರೀಕ್‌ನ ಹತ್ತು ಭೂಕಂಪಗಳ ನಡುವಿನ ಸರಾಸರಿ ಅಂತರ ಸುಮಾರು 132 ವರ್ಷ ಎಂದು 1989ರಲ್ಲಿ ಪ್ರಕಟವಾಯಿತು. ಆ ಸಂಖ್ಯೆಯನ್ನೇ ಹಿಡಿದುಕೊಂಡವರು ಒಳಗಿನ ಲೆಕ್ಕ ನೋಡಬೇಕಿತ್ತು: ಒಂಬತ್ತರಲ್ಲಿ ಐದು ಅಂತರಗಳು ಒಂದು ಶತಮಾನಕ್ಕೂ ಕಡಿಮೆ, ಮೂರು ಅಂತರಗಳು ಎರಡು-ಮೂರು ಶತಮಾನದಷ್ಟು ಉದ್ದ. ಕೊನೆಯ ಎರಡು ಕಂಪನಗಳು 1812 ಮತ್ತು 1857ರವು, ನಡುವೆ ಬರೀ 45 ವರ್ಷ. 1857ಕ್ಕೆ 132 ಕೂಡಿಸಿದರೆ 1989 ಬರುತ್ತದೆ. ಆ ವರ್ಷ ಅಲ್ಲಿಯ ನೆಲ ಬಿರಿಯಲಿಲ್ಲ. ಆಮೇಲೂ ಬಿರಿದಿಲ್ಲ.