ಕೊಟ್ಟ ಪದ, ಬಿಟ್ಟ ಪದ: ಹನಿಗವನ ಮತ್ತು ಹನಿಗಥೆಯ ಟಿಪ್ಪಣಿ

ಧಾರವಾಡದಲ್ಲಿ ಪ್ರತಿ ಭಾನುವಾರ ಸಂಜೆ ನಾವು ಏಳೆಂಟು ಜನ ಸೇರಿ ಬರೆಯುತ್ತೇವೆ. ಒಬ್ಬರು ಒಂದು ಪದವನ್ನೋ ಸಾಲನ್ನೋ ಚಿತ್ರವನ್ನೋ ಕೊಡುತ್ತಾರೆ. ಉಳಿದವರು ಇಪ್ಪತ್ತು ನಿಮಿಷದಲ್ಲಿ ಅದರಿಂದ ಒಂದು ಹನಿಗವನವನ್ನೋ ಹನಿಗಥೆಯನ್ನೋ ಕಟ್ಟಬೇಕು. ಕೊಟ್ಟದ್ದಕ್ಕೆ ನಮ್ಮಲ್ಲಿ ‘ಎಳೆ’ ಎಂದು ಹೆಸರು. ಹೊಸದಾಗಿ ಸೇರಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ನನ್ನ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ ಯಾವಾಗಲೂ ಇದೇ: ಯಾರೋ ಕೊಟ್ಟ ಪದಕ್ಕೆ ಬರೆದದ್ದು ಕವಿತೆ ಹೇಗಾದೀತು? ಕೇಳುವವರು ನಮ್ಮ ಕಡೆಯ ಮದುವೆಗಳನ್ನು ಮರೆತಿರುತ್ತಾರೆ. ಮದುಮಗಳನ್ನು ಹೊಸ್ತಿಲಲ್ಲೇ ತಡೆದು, ಗಂಡನ ಹೆಸರು ಹೇಳುವ ತನಕ ಒಳಗೆ ಬಿಡುವುದಿಲ್ಲ. ಆಗ ಹೇಳುವ ಒಡಪು ಎಳೆ ಹಿಡಿದು ಕಟ್ಟಿದ್ದೇ ಅಲ್ಲವೇ? ಹೆಸರು ಬರಲೇಬೇಕು, ಪ್ರಾಸ ಕೂಡಬೇಕು, ಸುತ್ತ ನಿಂತವರು ನಗಬೇಕು. ನಮ್ಮ ಗುಂಪಿನ ಹಿರಿಯಕ್ಕ ಒಬ್ಬರು ಅಭ್ಯಾಸಕ್ಕೆಂದು ನಿಂತ ನಿಲುವಿನಲ್ಲಿ ಕಟ್ಟಿದ್ದು ಇದು:

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ;
ನಮ್ಮ ಬಸವರಾಜರಿಗೆ ದನಿ ಹೆಚ್ಚು, ಸಿಟ್ಟು ಕಡಿಮೆ.

ಇಲ್ಲಿ ಕೊಟ್ಟದ್ದು ಹೆಸರೊಂದೇ. ಮೆಣಸಿನಕಾಯಿ ಅಕ್ಕನದು. ಎಳೆಯಿಂದ ಬರೆಯುವಾಗ ನಾವು ಹುಡುಕಬೇಕಾದದ್ದು ಇದನ್ನೇ: ಕೊಟ್ಟ ಪದದ ಪಕ್ಕದಲ್ಲಿ ನಾವು ತಂದು ಇಡುವ, ಬೇರೆ ಯಾರೂ ತರಲಾರದ ಒಂದು ವಸ್ತು.

ಪಂಡಿತರ ಕಡೆಯಿಂದ ಸಾಕ್ಷಿ ಬೇಕೆನ್ನುವವರಿಗೆ ಅವಧಾನವಿದೆ, ಸಭೆಯಲ್ಲಿ ಒಡ್ಡಿದ ಸವಾಲಿಗೆ ನಿಂತಲ್ಲೇ ಪದ್ಯ ಕಟ್ಟುವ ಕಲೆ. ಅದರ ಸಮಸ್ಯಾಪೂರಣದಲ್ಲಿ ಪೃಚ್ಛಕರು, ಅಂದರೆ ಸವಾಲು ಹಾಕುವವರು, ಪದ್ಯದ ಕೊನೆಯ ಪಾದವನ್ನು ಮಾತ್ರ ಕೊಡುತ್ತಾರೆ. ಅದು ಮೇಲ್ನೋಟಕ್ಕೆ ಅಸಂಬದ್ಧ. ಉಳಿದ ಪಾದಗಳನ್ನು ಕಟ್ಟಿ ಅದಕ್ಕೆ ಅರ್ಥ ತರುವ ಹೊಣೆ ಅವಧಾನಿಯದು. ದತ್ತಪದಿಯಲ್ಲಿ ಕೊಟ್ಟ ಪದಗಳನ್ನು ಪದ್ಯದೊಳಗೆ ಹೊಸೆಯಬೇಕು. ನಿಷೇಧಾಕ್ಷರಿಯಲ್ಲಂತೂ ಅಕ್ಷರ ಅಕ್ಷರಕ್ಕೂ ‘ಮುಂದೆ ಇದು ಬರಬಾರದು’ ಎಂಬ ತಡೆ. ಈ ಮೂರನ್ನೂ ನಾವು ಗುಂಪಿನಲ್ಲಿ ಇಳಿಸಿಕೊಂಡು ಆಡುತ್ತೇವೆ, ಛಂದಸ್ಸಿನ ಭಾರ ಬಿಟ್ಟು.

ಈಗ ಒಂದು ಪದ್ಯವನ್ನು ಹತ್ತಿರದಿಂದ ನೋಡೋಣ. ಜುಲೈ ತಿಂಗಳ ಒಂದು ಭಾನುವಾರ, ಹೊರಗೆ ಜಿಟಿಜಿಟಿ ಮಳೆ. ಎಳೆ: ಕೊಡೆ. ನಾನು ಐದೇ ನಿಮಿಷದಲ್ಲಿ ಬರೆದು ಬೀಗಿದ ಚುಟುಕ ಹೀಗಿತ್ತು:

ಮಳೆ ಬಂತು ಮಳೆ ಬಂತು ಧಾರವಾಡಕ್ಕೆ,
ಕೊಡೆ ಹಿಡಿದು ಹೊರಟೆನು ನಾನು ಕೆಲಸಕ್ಕೆ;
ಹನಿಹನಿಯ ಚೆಲುವಿಗೆ ಮನಸೋತೆ ನಾನು,
ನೀರೆಲ್ಲ ಅಮೃತವು, ಬಾಳೆಲ್ಲ ಜೇನು.

ನಾಲ್ಕು ಸಾಲಿನ ಚುಟುಕವನ್ನು ಮನೆಮಾತಾಗಿಸಿದವರು ದಿನಕರ ದೇಸಾಯಿ (1909–1982). ಎರಡೆರಡು ಸಾಲಿಗೆ ಅಂತ್ಯಪ್ರಾಸ ಬಂದುಬಿಟ್ಟರೆ ಚುಟುಕವಾಯಿತು ಎಂದು ನಾನು ತಿಳಿದಿದ್ದೆ. ಓದಿ ಮುಗಿಸಿದಾಗ ಹಿರಿಯಕ್ಕ ಕೇಳಿದ್ದು ಒಂದೇ ಮಾತು: “ಅದು ಯಾರ ಕೊಡೆ?”

ಉತ್ತರ ಇರಲಿಲ್ಲ. ಪದ್ಯದಲ್ಲಿದ್ದದ್ದು ಯಾರ ಕೊಡೆಯೂ ಅಲ್ಲ. ‘ಜೇನು’ ಬಂದದ್ದು ‘ನಾನು’ ಕರೆದದ್ದಕ್ಕೆ. ಅದಕ್ಕೆ ಬೇರೆ ಕೆಲಸವಿಲ್ಲ. ಮನೆಗೆ ಹೋದ ಮೇಲೆ ಬಾಗಿಲ ಹಿಂದೆ ತೂಗುಹಾಕಿದ್ದ ಕೊಡೆಯನ್ನು ಇಳಿಸಿ ನೋಡಿದೆ. ಕಟ್ಟಿಗೆಯ ಹಿಡಿ, ಎರಡು ಕಡ್ಡಿಗೆ ತಂತಿ ಸುತ್ತಿದೆ, ಕಪ್ಪು ಬಟ್ಟೆಯ ಮೇಲೆ ಬಿಳಿ ಬಣ್ಣದ ಅಕ್ಷರಗಳು. ಕಳೆದುಹೋಗಬಾರದೆಂದು ಆಗೆಲ್ಲ ಕೊಡೆಯ ಮೇಲೆ ಹೆಸರು ಬರೆಸುತ್ತಿದ್ದರು. ಮುಂದಿನ ವಾರ ಒಯ್ದದ್ದು ಇದನ್ನು:

ಕೊಡೆಯ ಮೇಲೆ ಬಿಳಿ ಬಣ್ಣದಲ್ಲಿ
ಅಪ್ಪನ ಹೆಸರು.
ಮಳೆಗೆ ಅದು ನೆನೆಯುತ್ತದೆ,
ಕೆಳಗೆ ನಾನು.

ಕೊಡೆಯ ಕೆಳಗಿದ್ದವನು ತೋಯುವುದಿಲ್ಲ, ಆದರೂ ನೆನೆಯುತ್ತಾನೆ. ಒದ್ದೆಯಾಗುವುದು, ನೆನಪಿಸಿಕೊಳ್ಳುವುದು, ಎರಡಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ. ಈ ಶ್ಲೇಷೆ ಹಳೆಯದು, ಬಹಳ ಜನ ಬಳಸಿ ಸವೆದದ್ದು; ಬಾಗಿಲ ಹಿಂದಿನ ಕೊಡೆ ಇಲ್ಲದಿದ್ದರೆ ಇಲ್ಲಿಯೂ ಸವಕಲಾಗಿಯೇ ಕಾಣುತ್ತಿತ್ತು. ಮೊದಲು ನಾನು ‘ಕೆಳಗೆ ನಾನು ಅವರನ್ನು ನೆನೆಯುತ್ತೇನೆ’ ಎಂದು ಬರೆದಿದ್ದೆ. ಎರಡು ಪದ ಹೊಡೆದುಹಾಕಿದ ಮೇಲೆಯೇ ಸಾಲು ನಿಂತಿತು. ಅಪ್ಪ ಈಗ ಇಲ್ಲ ಎಂಬುದನ್ನೂ ಹೇಳಲಿಲ್ಲ.

ಕೊನೆಯ ಸಾಲು ಗಿಡ್ಡವಾದರೆ ಪೆಟ್ಟು ಜೋರು ಎಂಬುದನ್ನು ತ್ರಿಪದಿಯಿಂದ ಕಲಿಯಬಹುದು. ಬಾದಾಮಿಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿಗಳಿವೆ. ಹಾವೇರಿ ಜಿಲ್ಲೆಯ ಅಬಲೂರಿನೊಂದಿಗೆ ಜನ ಬೆಸೆದು ಹೇಳುವ ಸರ್ವಜ್ಞನದೂ ಅದೇ ಮಟ್ಟು. ಮೊದಲ ಎರಡು ಸಾಲಿಗೆ ನಾಲ್ಕು ನಾಲ್ಕು ಗಣ (ಲಯದ ಅಕ್ಷರಗುಂಪು), ಮೂರನೆಯದಕ್ಕೆ ಮೂರೇ. ಒಟ್ಟು ಹನ್ನೊಂದರಲ್ಲಿ ಆರನೆಯದೂ ಹತ್ತನೆಯದೂ ಗಿಡ್ಡನೆಯ ಬ್ರಹ್ಮಗಣ, ಉಳಿದವು ಅದಕ್ಕಿಂತ ಉದ್ದದ ವಿಷ್ಣುಗಣ. ಗಣದ ಲೆಕ್ಕ ಈಗಲೇ ಬೇಡ. ಬೀಸುಕಲ್ಲಿನ ಪದಗಳನ್ನು ಬಲ್ಲ ಅಜ್ಜಿಯರು ಮನೆಯಲ್ಲಿದ್ದರೆ ಹಾಡಿಸಿ ಕೇಳಿ, ಕಿವಿಗೆ ತಾನೇ ಹತ್ತುತ್ತದೆ.

ಜಪಾನಿನ ಮೂರು ಸಾಲಿನ ಪದ್ಯ ಹೈಕುವಿನ ಬಗ್ಗೆ ನನ್ನದೊಂದು ತಕರಾರಿದೆ. 5-7-5 ಎಂದು ಎಲ್ಲರೂ ಅಕ್ಷರ ಎಣಿಸುತ್ತಾರೆ. ಜಪಾನಿಯಲ್ಲಿ ದೀರ್ಘಸ್ವರಕ್ಕೆ ಎರಡು ಎಣಿಕೆ, ಒತ್ತಿ ನುಡಿಯುವ ವ್ಯಂಜನಕ್ಕೂ ಒಂದು ಹೆಚ್ಚಿನ ಎಣಿಕೆ. ಅಂದರೆ ಅದು ನಮ್ಮ ಅಕ್ಷರಕ್ಕಿಂತ ಮಾತ್ರೆಗೆ ಹತ್ತಿರ. ‘ಹುಬ್ಬಳ್ಳಿ’ ಅಕ್ಷರದಲ್ಲಿ ಮೂರು. ಮಾತ್ರೆಯಲ್ಲಿ ಗುರು, ಗುರು, ಲಘು ಸೇರಿ ಐದು. ಹಾಗಾಗಿ ನಾನು ಮಾತ್ರೆ ಎಣಿಸುತ್ತೇನೆ:

ಕೆಲಗೇರಿ
ಒಂಟಿ ಕೊಕ್ಕರೆ
ಜೊತೆ ನೆರಳು

ಕೆಲಗೇರಿ ಧಾರವಾಡದ ಒಂದು ಕೆರೆ. ಲೆಕ್ಕ ಸರಿಯಾಗಿದೆ, ಬೇಕಾದರೆ ಎಣಿಸಿ. ಪದ್ಯ ಸಾಧಾರಣ ಎಂದು ನನಗೂ ಗೊತ್ತು.

ಹನಿಗಥೆಗೆ ಬೇಕಾದದ್ದು ಬೇರೆ. ಪದ್ಯ ಒಂದು ನೋಟದಲ್ಲಿ ನಿಲ್ಲಬಹುದು. ಕಥೆಯಲ್ಲಿ ಏನಾದರೂ ಬದಲಾಗಲೇಬೇಕು. ‘ಪ್ಲಾಟ್‌ಫಾರ್ಮ್’ ಎಂಬ ಎಳೆಗೆ ನಮ್ಮಲ್ಲಿ ಮೂವರು ಪ್ರೇಮಿಗಳನ್ನು ಅಗಲಿಸಿದರು, ಒಬ್ಬರು ಕೊನೆಗೆ ಎಲ್ಲವೂ ಕನಸೆಂದರು. ಇನ್ನೊಬ್ಬರು ಹುಬ್ಬಳ್ಳಿಯದು 1,507 ಮೀಟರ್, ಜಗತ್ತಿನಲ್ಲೇ ಅತಿ ಉದ್ದ ಎಂದು ಶುರು ಮಾಡಿದರು. ಅದು ವರದಿಯಾಯಿತು. ಆ ಉದ್ದ ಒಬ್ಬರ ಕಾಲಿಗೆ ತಾಗಿದರೆ ಮಾತ್ರ ಕಥೆ ಎಂದು ಚರ್ಚೆಯಾಗಿ, ಎಲ್ಲರ ಕೈಯಾಡಿ ಕೊನೆಗೆ ಉಳಿದದ್ದು ಇಷ್ಟು:

‘ಪ್ಲಾಟ್‌ಫಾರ್ಮ್ ಮುಗಿಯುವ ತನಕ ಬರುತ್ತೇನೆ’ ಎಂದಳು ಅವ್ವ. ಊರು ಹುಬ್ಬಳ್ಳಿ. ರೈಲು ವೇಗ ಹಿಡಿಯಿತು, ಅವಳು ಇನ್ನೂ ನಡೆಯುತ್ತಲೇ ಇದ್ದಳು.

ಹದಿನೈದು ಪದ. ಅಳತೆ ಕಥೆಯಲ್ಲಿಲ್ಲ, ಆದರೆ ಊರಿನ ಹೆಸರು ಕಂಡೊಡನೆ ಈ ಭಾಗದ ಓದುಗ ತಾನೇ ತುಂಬಿಕೊಳ್ಳುತ್ತಾನೆ. ಊರಾಚೆಯ ಓದುಗನಿಗೆ ಸ್ವಲ್ಪ ನಷ್ಟವಾಗುತ್ತದೆ ಎಂದು ಒಬ್ಬರು ವಾದಿಸಿದರು. ಆಗಲಿ ಎಂದೆವು.

ಇನ್ನು ನಿಷೇಧದ ಮಾತು. ಮನಸ್ಸು, ಹೃದಯ, ಕನಸು, ಮೌನ, ಭಾವನೆ: ಈ ಐದಕ್ಕೂ ನಮ್ಮಲ್ಲಿ ಪ್ರವೇಶವಿಲ್ಲ. ಆರಂಭದಲ್ಲಿ ಕೈ ಕಟ್ಟಿಹಾಕಿದಂತಾಗುತ್ತದೆ. ‘ಮೌನ’ ಎನ್ನುವಂತಿಲ್ಲವಾದರೆ ಗಡಿಯಾರದ ಟಿಕ್‌ಟಿಕ್ ಕೇಳಿಸಬೇಕಾಗುತ್ತದೆ, ಇಲ್ಲವೇ ಆರಿದ ಚಹಾದ ಮೇಲಿನ ಕೆನೆ ಕಾಣಿಸಬೇಕಾಗುತ್ತದೆ. ಜೊತೆಗೆ, ತಲೆಗೆ ಬಂದ ಮೊದಲ ಮೂರು ಹೊಳಹುಗಳನ್ನು ಹಾಳೆಯ ಅಂಚಿನಲ್ಲಿ ಬರೆದು ಗೆರೆ ಎಳೆದುಬಿಡಿ. ಪಕ್ಕದಲ್ಲಿ ಕುಳಿತವರಿಗೂ ಅವೇ ಹೊಳೆದಿರುತ್ತವೆ; ಅನುಮಾನವಿದ್ದರೆ ಹಾಳೆ ಅದಲುಬದಲು ಮಾಡಿ ನೋಡಿ. ನಾವು ಮಾಡಿ ನೋಡಿದ್ದೇವೆ, ಸಾಕಷ್ಟು ನಾಚಿದ್ದೇವೆ.

ಬರುವ ಭಾನುವಾರದ ಎಳೆ: ಹಾವೇರಿಯ ಏಲಕ್ಕಿ ಮಾಲೆ. ‘ಪರಿಮಳ’ ನಿಷಿದ್ಧ. ಯಾರ ಕೊರಳಿನದು ಎಂದು ಹಿರಿಯಕ್ಕ ಕೇಳಿಯೇ ಕೇಳುತ್ತಾರೆ.